ಹತ್ತು ಪಟ್ಟು ಸಾಕು

ನಾಣ್ಯ ನೋಡಲು ಭೂತಗನ್ನಡಿ ಕೊಳ್ಳಹೊರಟವರು ಮೊದಲು ಕೇಳುವುದು ಒಂದೇ ಮಾತು: ಎಷ್ಟು ಪಟ್ಟು ದೊಡ್ಡದಾಗಿ ಕಾಣುತ್ತದೆ? ಪಟ್ಟು ಹೆಚ್ಚಿದಷ್ಟೂ ಗಾಜು ಒಳ್ಳೆಯದು ಎಂಬ ನಂಬಿಕೆ ಆ ಪ್ರಶ್ನೆಯೊಳಗೇ ಕೂತಿರುತ್ತದೆ. ನಾನು ವಾದಿಸಹೊರಟಿರುವುದು ಈ ನಂಬಿಕೆಯ ವಿರುದ್ಧ. ಮನೆಯಲ್ಲಿ ಕೂಡಿಟ್ಟ ನಾಣ್ಯಗಳನ್ನು ಅರಿಯಬೇಕೆನ್ನುವವರಿಗೆ ಐದರಿಂದ ಹತ್ತು ಪಟ್ಟಿನ ಒಳ್ಳೆಯ ಗಾಜು, ಓರೆಯಾಗಿ ಬೀಳುವ ಒಂದು ದೀಪ, ಗ್ರಾಮಿನ ನೂರನೇ ಒಂದು ಪಾಲನ್ನು ತೋರಿಸುವ ಸಣ್ಣ ತಕ್ಕಡಿ ಇದ್ದರೆ ಸಾಕು. ಅದರಾಚೆಗೆ ಹೋದಂತೆಲ್ಲ ನಾಣ್ಯ ಮರೆಯಾಗಿ ಬರೀ ಲೋಹ ಕಾಣತೊಡಗುತ್ತದೆ. ತಪ್ಪು ತೀರ್ಮಾನಕ್ಕೆ ದಾರಿ ಅಲ್ಲಿಂದಲೇ ಶುರು.

ಈ ಮಾತನ್ನು ರೋಣ, ನರಗುಂದ, ಗಜೇಂದ್ರಗಡದ ಸೀಮೆಯಲ್ಲಿ ನಿಂತು ಹೇಳುವುದಕ್ಕೆ ಕಾರಣವಿದೆ. ಗಜೇಂದ್ರಗಡಕ್ಕೆ ಹತ್ತಿರದ ಸೂಡಿಗೆ ಜನ ಹೋಗುವುದು ಜೋಡು ಕಳಸದ ಗುಡಿ ನೋಡಲು, ನಾಗಕುಂಡದ ಮೆಟ್ಟಿಲಿಳಿಯಲು. ಇಮ್ಮಡಿ ಜಯಸಿಂಹನ ಅಕ್ಕ ಅಕ್ಕಾದೇವಿ ಆಳಿದ ಕಿಸುಕಾಡು ಎಪ್ಪತ್ತರ ನಾಡು ಇದು. ಆದರೆ ಕಲ್ಯಾಣ ಚಾಲುಕ್ಯರ ಮುಖ್ಯ ಟಂಕಸಾಲೆಗಳು ಎರಡಿದ್ದವು, ಒಂದು ಲಕ್ಕುಂಡಿಯಲ್ಲಿ, ಇನ್ನೊಂದು ಇದೇ ಸೂಡಿಯಲ್ಲಿ ಎಂಬುದು ಆ ಗುಡಿಯ ನೆರಳಲ್ಲಿ ಬುತ್ತಿ ಬಿಚ್ಚುವ ಎಷ್ಟೋ ಮಂದಿಗೆ ತಿಳಿದಿಲ್ಲ. ಚಿನ್ನಕ್ಕೆ ಮುದ್ರೆ ಒತ್ತಿದ ಊರು ಅದು. ಆ ಮುದ್ರೆಯನ್ನು ಓದುವ ಬಗೆಯನ್ನು ಈ ಸೀಮೆಯವರಾದ ನಾವು ಕಲಿಯದೆ ಇನ್ನಾರು ಕಲಿಯಬೇಕು?

ಆ ಟಂಕಸಾಲೆಗಳ ಚಿನ್ನದ ನಾಣ್ಯವಾದ ಗದ್ಯಾಣದಿಂದಲೇ ತೊಡಗೋಣ. ಅದು ಇಂದಿನ ರೂಪಾಯಿಯಂತೆ ಮೇಲೊಂದು ಕೆಳಗೊಂದು ಅಚ್ಚಿನ ನಡುವೆ ಒಂದೇ ಏಟಿಗೆ ಮೂಡಿದ್ದಲ್ಲ. ಅಗಲವಾದ ತೆಳುವಾದ ಚಿನ್ನದ ಬಿಲ್ಲೆ. ಅದರ ಒಂದೇ ಮೈಮೇಲೆ ಸಿಂಹ, ಈಟಿಯ ಮೊನೆ, ಕಮಲ, ಕನ್ನಡದ ‘ಶ್ರೀ’, ದೊರೆಯ ಬಿರುದು ಎಂದು ಒಂದೊಂದನ್ನೂ ಬೇರೆ ಬೇರೆ ಅಚ್ಚುಮೊಳೆಯಿಂದ ಒತ್ತಿದ್ದಾರೆ. ಜಯಸಿಂಹನದಾದರೆ ‘ಶ್ರೀ ಜಯ’, ಒಂದನೆಯ ಸೋಮೇಶ್ವರನದಾದರೆ ಅವನ ತ್ರೈಲೋಕ್ಯಮಲ್ಲ ಬಿರುದು. ಮೊಳೆಗಳು ಒಂದರ ಮೇಲೊಂದು ಸರಿದು ಬಿದ್ದಿರುವುದೂ ಉಂಟು. ಎಲ್ಲಿ ಒಂದು ಒತ್ತು ಇನ್ನೊಂದರ ಅಂಚನ್ನು ತಗ್ಗಿಸಿದೆಯೋ ಅಲ್ಲಿ ಯಾವುದು ಮೊದಲು ಬಿತ್ತು, ಯಾವುದು ಆಮೇಲೆ ಬಿತ್ತು ಎಂಬ ಲೆಕ್ಕ ಸಿಗುತ್ತದೆ. ಸಾವಿರ ವರ್ಷದ ಹಿಂದಿನ ಅಕ್ಕಸಾಲಿಗನ ಕೈ ಯಾವ ಕಡೆಯಿಂದ ಯಾವ ಕಡೆಗೆ ಸರಿಯಿತು ಎಂಬುದನ್ನೇ ನಾವು ಆಗ ನೋಡುತ್ತಿರುತ್ತೇವೆ. ಅದನ್ನು ಕಾಣಲು ಬೇಕಾದದ್ದು ಹತ್ತು ಪಟ್ಟಿನ ಗಾಜು, ಪಕ್ಕದಿಂದ ಬರುವ ಬೆಳಕು. ನಲವತ್ತು ಪಟ್ಟಿಗೆ ಏರಿಸಿ ನೋಡಿ: ತಗ್ಗಿದ ಅಂಚು ಮಾತ್ರ ಉಳಿಯುತ್ತದೆ, ಅದು ಯಾವ ಮುದ್ರೆಯ ಅಂಚು ಎಂಬುದೇ ತಿಳಿಯದು.

ಇದು ಬರೀ ಅಭಿಪ್ರಾಯವಲ್ಲ, ಲೆಕ್ಕಕ್ಕೆ ಸಿಗುವ ಸಂಗತಿ. ಕಾಲೇಜಿನ ಪ್ರಯೋಗಾಲಯದಲ್ಲಿರುವಂಥ ಎರಡು ಕಣ್ಣಿನ ಸೂಕ್ಷ್ಮದರ್ಶಕದಲ್ಲಿ ನಲವತ್ತು ಪಟ್ಟಿಗೆ ಇಟ್ಟರೆ ಕಾಣುವ ವೃತ್ತದ ಅಗಲ ಸುಮಾರು 5 ಮಿಲಿಮೀಟರ್. ವಿಕ್ಟೋರಿಯಾ ರಾಣಿಯ ಬೆಳ್ಳಿ ರೂಪಾಯಿಯ ಅಗಲ 30 ಮಿಲಿಮೀಟರಿಗೂ ಮೇಲೆ. ಅಂದರೆ ಒಂದು ಸಲಕ್ಕೆ ಕಣ್ಣಿಗೆ ಬೀಳುವುದು ಇಡೀ ಮೈಯ ಮೂವತ್ತಾರನೇ ಒಂದು ಪಾಲು. ವಿಜಯನಗರದ ಚಿನ್ನದ ಪಣದ ಮಾತೇ ಬೇರೆ. ಆರೇಳು ಮಿಲಿಮೀಟರ್ ಅಗಲ, ಅರ್ಧ ಗ್ರಾಮಿಗೂ ಕಡಿಮೆ ತೂಕ. ಅಂಗೈಯಲ್ಲಿಟ್ಟರೆ ಜೋಳದ ಕಾಳಿನಷ್ಟು. ಅದಕ್ಕೆ ಇಪ್ಪತ್ತು ಪಟ್ಟು ಹಿಡಿದರೂ ಇಡೀ ನಾಣ್ಯ ವೃತ್ತದೊಳಗೆ ಕೂತುಕೊಳ್ಳುತ್ತದೆ. ರಾಣಿ ರೂಪಾಯಿಯ ಗಾಜು ಪಣಕ್ಕೆ ಸಾಲದು, ಪಣದ ಗಾಜು ರೂಪಾಯಿಗೆ ಹೊಂದದು.

ಹೋದ ವರ್ಷ ರೋಣದಿಂದ ಅಕ್ಕನ ಮಗ ಬಂದಿದ್ದ. ಕಂಪ್ಯೂಟರಿಗೆ ಜೋಡಿಸುವ ಪುಟ್ಟ ಸೂಕ್ಷ್ಮದರ್ಶಕ ತರಿಸಿಕೊಂಡಿದ್ದ. ಡಬ್ಬಿಯ ಮೇಲೆ 1000 ಪಟ್ಟು ಎಂದು ಅಚ್ಚಾಗಿತ್ತು. ಐದು ರೂಪಾಯಿ ನಾಣ್ಯವೊಂದನ್ನು ಅದರ ಕೆಳಗಿಟ್ಟು ಪರದೆ ತೋರಿಸಿದ.

“ಮಾಮಾ, ಇಲ್ಲಿ ನೋಡ್ರಿ, ಅಕ್ಷರ ಎರಡೆರಡು ಬಿದ್ದಾವ. ಇಂಥಾದ್ದಕ್ಕ ಲಕ್ಷಗಟ್ಲೆ ಕೊಡ್ತಾರಂತ.”

“ಯಾರು ಕೊಡ್ತಾರಪಾ?”

“ಮೊಬೈಲಿನ್ಯಾಗ ಬಂದಿತ್ರಿ.”

ಪರದೆಯ ಮೇಲೆ ಅಕ್ಷರಗಳು ಎರಡೆರಡಾಗಿಯೇ ಕಾಣುತ್ತಿದ್ದವು, ಅದು ಸುಳ್ಳಲ್ಲ. ಯಂತ್ರ ಏಟು ಹಾಕಿ ಮೇಲೇಳುವಾಗ ಅಚ್ಚು ಕೂದಲೆಳೆಯಷ್ಟು ಅಲುಗಿದರೂ ಸಾಕು, ಅಕ್ಷರದ ಬದಿ ಸವರಿಹೋಗಿ ಮೆಟ್ಟಿಲಿನಂಥ ಚಪ್ಪಟೆ ಅಂಚು ನಿಲ್ಲುತ್ತದೆ. ಕೋಟಿಗಟ್ಟಲೆ ನಾಣ್ಯ ಹೊಡೆಯುವ ಯಂತ್ರದಲ್ಲಿ ಇದು ದಿನನಿತ್ಯದ ಸಂಗತಿ. ಬೆಲೆ ಐದು ರೂಪಾಯಿಯೇ. ಅಚ್ಚು ತಯಾರಾಗುವಾಗಲೇ ಚಿತ್ರ ಎರಡು ಸಲ ಮೂಡಿದ್ದರೆ ಮಾತ್ರ ಅದು ಸಂಗ್ರಾಹಕರು ಹುಡುಕುವ ಬಗೆ. ಅಂಥದರಲ್ಲಿ ಎರಡೂ ಅಕ್ಷರ ದುಂಡಗೆ ಎದ್ದುನಿಂತಿರುತ್ತವೆ, ತುದಿಯಲ್ಲಿ ಸೀಳಿದಂತೆ ಕಾಣುತ್ತವೆ. ಚಪ್ಪಟೆ ಮೆಟ್ಟಿಲು ಯಾವುದು, ದುಂಡು ಅಕ್ಷರ ಯಾವುದು ಎಂಬ ವ್ಯತ್ಯಾಸ ಹತ್ತು ಪಟ್ಟಿನಲ್ಲಿ, ನಾಣ್ಯವನ್ನು ಬೆಳಕಿಗೆ ಅತ್ತಿತ್ತ ಹೊರಳಿಸಿದಾಗ ಸ್ಪಷ್ಟವಾಗುತ್ತದೆ. ಹೊರಳಿಸಲು ಬಾರದ ಪರದೆಯ ಚಿತ್ರದಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ಆ ಹುಡುಗನ ಕಣ್ಣು ತಪ್ಪಿರಲಿಲ್ಲ, ಅವನ ಸಾಧನ ಅವನಿಗೆ ಬೇಕಾದ ಒಂದೇ ಒಂದು ವಿಷಯವನ್ನು ಮುಚ್ಚಿಟ್ಟಿತ್ತು.

1000 ಎಂಬ ಆ ಅಂಕಿಯೂ ಪರೀಕ್ಷೆಗೆ ನಿಲ್ಲುವುದಿಲ್ಲ. ಪರದೆಯಲ್ಲಿ ಎಷ್ಟು ಪಟ್ಟು ಎಂಬುದು ಪರದೆಯ ಗಾತ್ರದ ಮೇಲೆ ನಿಂತ ಮಾತು. ಅದೇ ಚಿತ್ರ ಅಂಗೈಯಗಲದ ಮೊಬೈಲಿನಲ್ಲಿ ಒಂದು ಲೆಕ್ಕ, ಗೋಡೆಗೆ ಹಾಕಿದ ಟಿ.ವಿ.ಯಲ್ಲಿ ಇನ್ನೊಂದು ಲೆಕ್ಕ. ಚಿತ್ರವನ್ನು ಹಿಗ್ಗಿಸಿದರೆ ಹೊಸ ವಿವರ ಹುಟ್ಟುವುದಿಲ್ಲ. ಲಕ್ಷದ ಆಸೆ ಹುಟ್ಟಿಸುವ ಜಾಹೀರಾತುಗಳ ಬಗ್ಗೆ ಹೇಳುವುದಾದರೆ, ಹಳೆಯ ನಾಣ್ಯ ನೋಟುಗಳ ಮಾರಾಟದ ನೆಪದಲ್ಲಿ ತನ್ನ ಹೆಸರು ಬಳಸಿ ಶುಲ್ಕ ಕೀಳುವವರಿದ್ದಾರೆಂದು ಭಾರತೀಯ ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲೇ ಎಚ್ಚರಿಕೆ ಕೊಟ್ಟಿದೆ. ನಮ್ಮ ಕಡೆಯ ಅಂಗಡಿಗಳಲ್ಲಿ ಹತ್ತರ ನಾಣ್ಯ ಬೇಡವೆನ್ನುವವರೂ ಒಮ್ಮೆ ಇದನ್ನು ಓದಬೇಕು: ಹದಿನಾಲ್ಕು ವಿನ್ಯಾಸದ ಹತ್ತು ರೂಪಾಯಿ ನಾಣ್ಯಗಳು ಚಲಾವಣೆಗೆ ಬಂದಿವೆ, ಎಲ್ಲವೂ ನಡೆಯುತ್ತವೆ ಎಂದು ಅದೇ ಬ್ಯಾಂಕು 2018ರಲ್ಲಿ ಸಾರಿದೆ. ಅದಕ್ಕೆ ಯಾವ ಗಾಜೂ ಬೇಕಿಲ್ಲ.

ಹಾಗಾದರೆ ಗಾಜು ಕೊಳ್ಳುವಾಗ ನೋಡಬೇಕಾದ್ದೇನು? ಮೊದಲು ಅದರ ಮೇಲಿನ ಅಂಕಿಯನ್ನೇ ಅನುಮಾನಿಸಿ. ಲೂಪು ಎಂಬ ಮಡಚುವ ಸಣ್ಣ ಭೂತಗನ್ನಡಿಗಳ ಮೇಲೆ 30 ಪಟ್ಟು, 21 ಮಿ.ಮೀ. ಎಂದು ಕೊರೆದದ್ದು ಪೇಟೆಯಲ್ಲಿ ಹೇರಳ. ಶಾಲೆಯ ವಿಜ್ಞಾನ ಪುಸ್ತಕದ ಲೆಕ್ಕವೇ ಇದನ್ನು ಸುಳ್ಳೆನ್ನುತ್ತದೆ. ಮಸೂರದ ಬಲವೆಂದರೆ 250 ಮಿಲಿಮೀಟರನ್ನು ಅದರ ಸಂಗಮ ದೂರದಿಂದ ಭಾಗಿಸಿದ್ದು. ಮೂವತ್ತು ಪಟ್ಟು ಆಗಬೇಕಾದರೆ ಸಂಗಮ ದೂರ 8 ಮಿಲಿಮೀಟರ್ ಚಿಲ್ಲರೆ ಇರಬೇಕು. 21 ಮಿಲಿಮೀಟರ್ ಅಗಲದ ಗಾಜನ್ನು ಎಷ್ಟು ಉಬ್ಬಿಸಿದರೂ ಕಡೆಗೆ ಅದು ಗೋಲಿಗುಂಡಾಗುತ್ತದೆ, ಅದಕ್ಕಿಂತ ಹೆಚ್ಚು ಉಬ್ಬಲು ಜಾಗವಿಲ್ಲ. ಸಾಮಾನ್ಯ ಗಾಜಿನ ಅಂಥ ಗೋಲಿಯ ಸಂಗಮ ದೂರವೇ ಸುಮಾರು 16 ಮಿಲಿಮೀಟರ್. ಗೋಲಿಯೇ ಹದಿನಾರು ಪಟ್ಟು ಮುಟ್ಟದಿರುವಾಗ ಆ ಚಪ್ಪಟೆ ಮಸೂರ ಮೂವತ್ತು ಪಟ್ಟು ತೋರಿಸುವುದೆಲ್ಲಿಂದ? ಅವುಗಳಲ್ಲಿ ಹೆಚ್ಚಿನವು ಹತ್ತರ ಆಸುಪಾಸಿನವು, ಕೆಲವು ಅದಕ್ಕೂ ಕಡಿಮೆ.

ಮನೆಯಲ್ಲೇ ಅಳೆಯಬಹುದು. ಮೇಲೆ ಟ್ಯೂಬ್‌ಲೈಟ್ ಹಚ್ಚಿ, ಮೇಜಿನ ಮೇಲೆ ಬಿಳಿ ಹಾಳೆ ಇಟ್ಟು, ಲೂಪನ್ನು ಹಾಳೆಯಿಂದ ಮೆಲ್ಲಗೆ ಎತ್ತುತ್ತ ಬನ್ನಿ. ದೀಪದ ಪ್ರತಿಬಿಂಬ ಬೆಳ್ಳನೆಯ ಕಡ್ಡಿಯಂತೆ ಚೊಕ್ಕಟವಾಗಿ ಬಿದ್ದ ಕಡೆ ನಿಲ್ಲಿಸಿ, ಹಾಳೆಯಿಂದ ಮಸೂರದ ನಡುವಿಗೆ ಎಷ್ಟು ದೂರ ಎಂದು ಪಟ್ಟಿಯಿಂದ ಅಳೆಯಿರಿ. 25 ಮಿಲಿಮೀಟರ್ ಬಂದರೆ ಹತ್ತು ಪಟ್ಟು, 50 ಬಂದರೆ ಐದು. ಆಮೇಲೆ ಮಕ್ಕಳ ಗ್ರಾಫ್ ಹಾಳೆಯನ್ನು ಅದೇ ಗಾಜಿನಿಂದ ನೋಡಿ. ಅಂಚಿನ ಗೆರೆಗಳು ಬಿಲ್ಲಿನಂತೆ ಬಾಗಿದರೆ, ಗೆರೆಯ ಪಕ್ಕದಲ್ಲಿ ನೀಲಿ ಕೆಂಪು ಅಂಚು ಕಂಡರೆ ಅದು ಒಂಟಿ ಮಸೂರ. ಮೂರು ಗಾಜುಗಳನ್ನು ಅಂಟಿಸಿ ಮಾಡಿದ ಲೂಪಿನಲ್ಲಿ ಗೆರೆ ಅಂಚಿನವರೆಗೂ ನೆಟ್ಟಗಿರುತ್ತದೆ, ಬಣ್ಣ ಒಡೆಯುವುದಿಲ್ಲ. ದುಡ್ಡು ಕೊಡುವುದಾದರೆ ಇದಕ್ಕೇ ಕೊಡಿ.

ಗಜೇಂದ್ರಗಡ ನೇಕಾರಿಕೆಯ ಊರು. ಬಟ್ಟೆಯ ಎಳೆ ಎಣಿಸಲು ಬಳಸುವ ಮಡಚುವ ಗಾಜೊಂದಿದೆ. ತನ್ನ ಚೌಕಟ್ಟಿನ ಮೇಲೆ ತಾನೇ ನಿಂತುಕೊಳ್ಳುತ್ತದೆ, ಕೈ ನಡುಗುವವರಿಗೆ ಅನುಕೂಲ. ನಾಣ್ಯಕ್ಕೂ ಅದು ನಡೆದೀತು, ಆದರೆ ಆ ಚೌಕಟ್ಟು ಲೋಹದ್ದು. ನಾಣ್ಯದ ಮೈಮೇಲೆ ಊರಿದರೆ ಗೀರು ಬೀಳುತ್ತದೆ, ಪಕ್ಕದ ಬೆಳಕನ್ನೂ ಅದು ತಡೆಯುತ್ತದೆ. ಅಗಲವಾದ ನಾಣ್ಯದ ಪಕ್ಕದಲ್ಲಿ ಅಷ್ಟೇ ದಪ್ಪದ ರಟ್ಟು ಇಟ್ಟು ಅದರ ಮೇಲೆ ಒಂದು ಬದಿ ನಿಲ್ಲಿಸಿಕೊಳ್ಳಬಹುದು. ಗಡಿಯಾರ ರಿಪೇರಿಯವರ ಐಗ್ಲಾಸ್ ಕೈಗಳೆರಡಕ್ಕೂ ಬಿಡುವು ಮಾಡಿಕೊಡುತ್ತದೆ. ಒಂದರಲ್ಲಿ ನಾಣ್ಯ, ಒಂದರಲ್ಲಿ ಬ್ಯಾಟರಿ ಹಿಡಿಯಬಹುದು. ಪತ್ತಾರರು ಬಹುಕಾಲದಿಂದ ಇಂಥದೇ ಗಾಜು ಬಳಸಿ ಬೆಸುಗೆ ನೋಡುತ್ತ ಬಂದಿದ್ದಾರೆ. ನನಗಂತೂ ಇದೇ ಇಷ್ಟ.

ಬೆಳಕಿನ ಮಾತು ಗಾಜಿನ ಮಾತಿಗಿಂತ ದೊಡ್ಡದು. ಹತ್ತು ಪಟ್ಟಿನ ಲೂಪನ್ನು ಕಣ್ಣಿಗೆ ಒತ್ತಿ ಹಿಡಿದು, ನಾಣ್ಯವನ್ನು ಅದರ ಒಂದು ಅಂಗುಲದೊಳಗೆ ತರಬೇಕು. ಆಗ ನಮ್ಮ ತಲೆಯೇ ಮೇಲಿನ ದೀಪಕ್ಕೆ ಅಡ್ಡವಾಗುತ್ತದೆ. ಅದಕ್ಕೆಂದೇ ಗಾಜಿನ ಸುತ್ತ ಪುಟ್ಟ ಎಲ್‌ಇಡಿ ಬಳೆ ಕೂರಿಸಿದ ಲೂಪುಗಳು ಬಂದಿವೆ. ನಾನು ಅವನ್ನು ಒಪ್ಪುವುದಿಲ್ಲ. ಎಲ್ಲ ದಿಕ್ಕಿನಿಂದಲೂ ಬೆಳಕು ಬಿದ್ದರೆ ನೆರಳೇ ಇರದು. ನೆರಳಿಲ್ಲದೆ ಉಬ್ಬು ತಗ್ಗು ತಿಳಿಯದು, ತಿಕ್ಕಿದ ಗೀರು ಕಾಣದು. ಮೇಜಿನ ಒಂದೇ ಬದಿಗೆ ದೀಪವಿಡಿ, ಬಾಕಿ ದೀಪ ಆರಿಸಿ, ನಾಣ್ಯವನ್ನು ಅಂಚಿನಲ್ಲಿ ಹಿಡಿದು ನಿಧಾನ ತಿರುಗಿಸಿ. ಕೆಳಗೆ ಮೆತ್ತನೆಯ ಬಟ್ಟೆ ಇರಲಿ. ಅದಕ್ಕೂ ಮೊದಲು ಒಂದು ಸಲ ಯಾವ ಗಾಜೂ ಇಲ್ಲದೆ ನೋಡಿ. ಹೊಸತಾಗಿದ್ದಾಗಿನ ಹೊಳಪು ಉಳಿದ ನಾಣ್ಯವನ್ನು ತಿರುಗಿಸಿದಾಗ ಬೆಳಕು ಚಕ್ರದ ಅರೆಗಳಂತೆ ಸುತ್ತುತ್ತದೆ. ಆ ಸುತ್ತು ಬರಿಗಣ್ಣಿಗೇ ಚೆನ್ನಾಗಿ ಕಾಣುವಂಥದು.

ಈ ಸೀಮೆಯ ಪೆಟ್ಟಿಗೆಗಳಲ್ಲಿ ಸಿಗುವ ಬೆಳ್ಳಿಗೆ ಬರೋಣ. 1858ರಲ್ಲಿ ನರಗುಂದದ ಬಾಬಾಸಾಹೇಬ ಬ್ರಿಟಿಷರ ವಿರುದ್ಧ ಎದ್ದಾಗ ಚಲಾವಣೆಯಲ್ಲಿದ್ದದ್ದು ಕಂಪನಿಯ ರೂಪಾಯಿ, ಇಸವಿ 1840. ಆ ಇಸವಿಯನ್ನು ಹೊತ್ತ ರೂಪಾಯಿಯನ್ನು 1862ರ ಹೊಸ ನಾಣ್ಯ ಬರುವವರೆಗೂ ಟಂಕಿಸುತ್ತಲೇ ಇದ್ದರು. ಅದರ ಬಗೆಗಳನ್ನು ಬೇರ್ಪಡಿಸುವುದು ಹಿಂಬದಿಯ ಎಲೆಹಾರದಲ್ಲಿರುವ ಕಾಯಿಗಳ ಎಣಿಕೆಯಿಂದ, ರಾಣಿಯ ಕೊರಳ ಕೆಳಗಿನ ಡಬ್ಲ್ಯು ಡಬ್ಲ್ಯು ಎಂಬ ಕೆತ್ತನೆಗಾರನ ಗುರುತಿನಿಂದ. 1862ರ ಇಸವಿಯೂ ಹಾಗೆಯೇ ಹತ್ತು ವರ್ಷಕ್ಕೂ ಮೀರಿ ಬದಲಾಗದೆ ನಿಂತಿತು. ಮುಂಬಯಿ ಟಂಕಸಾಲೆಯವು ಯಾವ ವರ್ಷದವು ಎಂಬುದನ್ನು ಸಣ್ಣ ಚುಕ್ಕೆಗಳ ಎಣಿಕೆಯಿಂದ ಹೇಳಬೇಕು. ಸವೆದ ಚುಕ್ಕೆ ಯಾವುದು, ಕೊಳೆಯ ಕಣ ಯಾವುದು? ಇಲ್ಲಿ ಐದು ಪಟ್ಟು ಸಾಲದೆ ಹೋಗುತ್ತದೆ, ಹತ್ತು ಬೇಕು. 1911ರ ಐದನೇ ಜಾರ್ಜ್ ರೂಪಾಯಿಗೆ ಐದೇ ಸಾಕು. ದೊರೆಯ ನಿಲುವಂಗಿಯ ಮೇಲಿನ ಪದಕಸರದಲ್ಲಿನ ಆನೆ ಹಂದಿಯಂತೆ ಕಾಣುತ್ತದೆಂದು ಜನ ಸಿಡಿದೆದ್ದು, ಮರುವರ್ಷ ಸೊಂಡಿಲು ಸ್ಪಷ್ಟವಾಗುವಂತೆ ತಿದ್ದಬೇಕಾಯಿತು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುವುದು ಮಕ್ಕಳಿಗೆ ಒಳ್ಳೆಯ ಪಾಠ. ಈಗಿನ ನಾಣ್ಯದಲ್ಲಿ ಇಸವಿಯ ಕೆಳಗೆ ವಜ್ರದಾಕಾರವಿದ್ದರೆ ಮುಂಬೈ, ನಕ್ಷತ್ರವಿದ್ದರೆ ಹೈದರಾಬಾದ್, ಚುಕ್ಕೆಯಿದ್ದರೆ ನೋಯ್ಡಾ, ಏನೂ ಇಲ್ಲದಿದ್ದರೆ ಕೋಲ್ಕತ್ತ. ಇದಕ್ಕೆ ಓದುವ ಭೂತಗನ್ನಡಿಯೇ ಆದೀತು.

ಟಿಪ್ಪುವಿನ ತಾಮ್ರ ಕೈಗೆ ಬಂದರೆ ಇನ್ನೊಂದು ಎಚ್ಚರ ಬೇಕು. ಮರಾಠರೊಡನೆ ಗಜೇಂದ್ರಗಡದ ಒಪ್ಪಂದವಾದ 1787ರಲ್ಲೇ ಅವನು ಮೌಲೂದಿ ಎಂಬ ಹೊಸ ಶಕೆಯನ್ನು ತಂದ. ಅಲ್ಲಿಂದ ನಾಣ್ಯದ ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕು. ಧಾರವಾಡದ ಟಂಕಸಾಲೆಗೆ ಅವನಿಟ್ಟ ಹೆಸರು ಖುರ್ಷಿದ್ ಸವಾದ್. ನಾಣ್ಯದ ಮೇಲಿನ ಆನೆ ಬರಿಗಣ್ಣಿಗೇ ಕಾಣುತ್ತದೆ, ಟಂಕಸಾಲೆಯ ಹೆಸರು ಮಾತ್ರ ಸವೆದ ತಾಮ್ರದಲ್ಲಿ ಓರೆ ಬೆಳಕಿಗೆ ಬಾಯಿ ಬಿಡುತ್ತದೆ.

ನನಗೆ ಗಾಜಿನ ಬೆಲೆ ತಿಳಿದದ್ದು ಒಂದು ರೂಪಾಯಿಯಿಂದ. ಆರನೇ ಜಾರ್ಜನ 1939ರ ಬೆಳ್ಳಿ ರೂಪಾಯಿ ಬಲು ಅಪರೂಪ, 1938ರದು ಸಾಮಾನ್ಯ. ಜಾತ್ರೆಯೊಂದರಲ್ಲಿ ಬಟ್ಟೆ ಹಾಸಿ ಕೂತಿದ್ದ ವ್ಯಾಪಾರಿಯ ಹತ್ತಿರ ಇಸವಿ ನೋಡಿ ಮನಸ್ಸು ಹಾರಿ, ಕೇಳಿದ್ದಷ್ಟು ಕೊಟ್ಟು ತಂದೆ. ತೂಗಿದರೆ ಸರಿಯಾಗಿ 11.66 ಗ್ರಾಂ. ಬೆಳ್ಳಿಯೂ ಸರಿಯೇ, ಏಕೆಂದರೆ ಎರಡೂ ವರ್ಷದವುಗಳ ತೂಕ, ಬೆಳ್ಳಿಯ ಪ್ರಮಾಣ ಒಂದೇ. ತಕ್ಕಡಿ ಇಲ್ಲಿ ಸಾಕ್ಷಿ ಹೇಳಲಾರದು. ಹತ್ತು ಪಟ್ಟಿನ ಲೂಪು ಹಿಡಿದು ಕೊನೆಯ ಅಂಕಿಯ ಸುತ್ತ ಬೆಳಕು ಓಡಿಸಿದಾಗ ಕಂಡಿತು: 9ರ ಕೆಳಗಿನ ಎಡಬದಿಯಲ್ಲಿ ಉಳಿದೆಲ್ಲ ಕಡೆ ಇದ್ದ ಹಳೆಯ ಬೂದುಬಣ್ಣವಿಲ್ಲ, ಉಳಿಯಿಂದ ಕೆರೆದ ಸಣ್ಣ ಗೆರೆಗಳಿವೆ. 8ರ ಕೆಳಸುತ್ತನ್ನು ಕೆರೆದು 9 ಮಾಡಿದ್ದರು. ಎರಕ ಹೊಯ್ದ ನಕಲಿಯಾದರೆ ಅದೇ ಗಾಜು ಬೇರೆ ಗುರುತು ತೋರಿಸುತ್ತದೆ: ಮೈಮೇಲೆ ಗುಳ್ಳೆ ಒಡೆದ ಕುಳಿಗಳು, ಅಂಚಿನಲ್ಲಿ ಎರಡು ಪಡಿ ಕೂಡಿದ ಗೆರೆ, ಮೇಣದಂತೆ ಮೆತ್ತಗಾದ ಅಕ್ಷರದ ಬುಡ. ಸರದಿಂದ ಬಿಡಿಸಿದ ಪುತಳಿಯಾದರೆ ಕೊಂಡಿ ಬೆಸೆದಿದ್ದ ಜಾಗದಲ್ಲಿ ಅಂಚು ಉಜ್ಜಿ ಸಮಮಾಡಿದ ಕಲೆ. ಇವಾವುದಕ್ಕೂ ಹತ್ತಕ್ಕಿಂತ ಹೆಚ್ಚು ಪಟ್ಟು ನನಗೆ ಬೇಕಾಗಿಲ್ಲ.

ಹಾಗೆಂದು ಸೂಕ್ಷ್ಮದರ್ಶಕವೇ ಬೇಡವೆಂದು ನಾನು ಹೇಳಿದರೆ ಅನ್ಯಾಯವಾದೀತು. ಹಳೆಯ ಹಸಿರುಗಟ್ಟು ನಿಜವಾಗಿ ಲೋಹದೊಳಗಿಂದ ಬೆಳೆದದ್ದೋ ಮೇಲೆ ಹಚ್ಚಿದ್ದೋ ಎಂಬುದನ್ನು, ಒಂದೇ ಅಚ್ಚುಮೊಳೆಯ ಬಿರುಕು ಎರಡು ಗದ್ಯಾಣಗಳಲ್ಲಿ ಬಂದಿದೆಯೇ ಎಂಬುದನ್ನು ಇಪ್ಪತ್ತು, ನಲವತ್ತು ಪಟ್ಟಿನಲ್ಲೇ ನೋಡಬೇಕು. ಅದು ಸಂಶೋಧಕರ ಕೆಲಸ. ಅದಕ್ಕೆ ಎರಡು ಕಣ್ಣಿನ ಸೂಕ್ಷ್ಮದರ್ಶಕವೇ ಸರಿ. ಆಳ ಕಾಣುತ್ತದೆ, ಮಸೂರಕ್ಕೂ ನಾಣ್ಯಕ್ಕೂ ನಡುವೆ ದೀಪ ತೂರಿಸಲು ಸ್ಥಳವಿರುತ್ತದೆ. ಅದನ್ನು ಪ್ರತಿಯೊಬ್ಬ ಸಂಗ್ರಾಹಕ ಕೊಳ್ಳಬೇಕಿಲ್ಲ. ಜೀವಶಾಸ್ತ್ರ ವಿಭಾಗವಿರುವ ಕಾಲೇಜುಗಳಲ್ಲಿ ಹೂವು ಹುಳು ನೋಡಲು ಇಂಥವನ್ನು ಬಳಸುತ್ತಾರೆ. ರೋಣ, ನರಗುಂದ, ಗಜೇಂದ್ರಗಡ ತಾಲೂಕುಗಳ ಕಾಲೇಜುಗಳು ವರ್ಷಕ್ಕೆರಡು ದಿನ ಪ್ರಯೋಗಾಲಯದ ಬಾಗಿಲು ತೆರೆದು, ಇತಿಹಾಸದ ಮೇಷ್ಟ್ರನ್ನೂ ಜೀವಶಾಸ್ತ್ರದ ಮೇಷ್ಟ್ರನ್ನೂ ಒಟ್ಟಿಗೆ ಕೂರಿಸಿದರೆ ಸೂಡಿಯ ನಾಡಿಗೆ ತಕ್ಕ ಕೆಲಸವಾದೀತು.

ವಾಲ್ಟರ್ ಎಲಿಯಟ್ ಎಂಬವನನ್ನು ಇಲ್ಲಿ ನೆನೆಯಬೇಕು. 1824ರ ಕಿತ್ತೂರು ಯುದ್ಧದಲ್ಲಿ ಬ್ರಿಟಿಷ್ ಕಲೆಕ್ಟರ್ ಥ್ಯಾಕರೆ ಬಿದ್ದಾಗ ಸೆರೆಸಿಕ್ಕಿ ಆಮೇಲೆ ಬಿಡುಗಡೆಯಾದ ಇಬ್ಬರು ಅಧಿಕಾರಿಗಳಲ್ಲಿ ಇವನೊಬ್ಬ. ಮುಂದೆ ನಮ್ಮ ಈ ಭಾಗದ ಶಾಸನಗಳನ್ನು, ನಾಣ್ಯಗಳನ್ನು ಕಲೆಹಾಕಿದ. ದಕ್ಷಿಣ ಭಾರತದ ನಾಣ್ಯಗಳ ಬಗ್ಗೆ ಅವನ ಹೆಸರಾಂತ ಪುಸ್ತಕ ಹೊರಬಂದದ್ದು 1880ರ ದಶಕದಲ್ಲಿ, 1887ರಲ್ಲಿ ಅವನು ತೀರಿಕೊಳ್ಳುವ ಸ್ವಲ್ಪ ಮೊದಲು. ಆ ವೇಳೆಗೆ ಅವನ ಕಣ್ಣು ಬಹುಪಾಲು ಹೋಗಿತ್ತು. ದಶಕಗಟ್ಟಲೆ ಸಾವಿರಾರು ನಾಣ್ಯಗಳನ್ನು ಕೈಯಾರೆ ಹೊರಳಿಸಿ ನೋಡಿದ್ದವನ ನೆನಪು ಆ ಪುಸ್ತಕದ ಆಧಾರ. ಒಂದು ನಾಣ್ಯವನ್ನು ಸಾವಿರ ಪಟ್ಟು ನೋಡುವುದಕ್ಕಿಂತ ಸಾವಿರ ನಾಣ್ಯವನ್ನು ಹತ್ತು ಪಟ್ಟು ನೋಡುವುದು ಮೇಲೆಂದು ನಾನು ಒತ್ತಿ ಹೇಳುವುದು ಇವನಂಥವರನ್ನು ಕಂಡು.

ಎರೆಹೊಲ ಉಳುವಾಗ, ಹಳೆ ಮನೆಯ ಬುನಾದಿ ಅಗೆಯುವಾಗ ಹಳೆಯ ನಾಣ್ಯ ಸಿಕ್ಕರೆ ಅದು ಸಂಗ್ರಹಕ್ಕೆ ಸೇರುವ ವಸ್ತುವಲ್ಲ, ಸರಕಾರಕ್ಕೆ ತಿಳಿಸಬೇಕು. ಸಿಕ್ಕ ಜಾಗದ ವಿವರವೇ ಅದರ ಅರ್ಧ ಚರಿತ್ರೆ. ನೂರು ವರ್ಷ ದಾಟಿದ್ದನ್ನು ದೇಶದಾಚೆ ಸಾಗಿಸುವುದನ್ನು 1972ರ ಪ್ರಾಚೀನ ವಸ್ತುಗಳ ಕಾಯ್ದೆ ತಡೆಯುತ್ತದೆ. ಆದರೆ ಅಜ್ಜಿಯ ಪೆಟ್ಟಿಗೆಯಲ್ಲಿ ಇರುವವು ನಿಮ್ಮವೇ. ಅವುಗಳಿಗೆ ದೊಡ್ಡ ಶತ್ರು ಕಳ್ಳನಲ್ಲ, ಹುಣಸೆಹಣ್ಣು. ಲಕ್ಷ್ಮೀಪೂಜೆಗೆಂದು ವರ್ಷವರ್ಷವೂ ಹುಳಿ, ಬೂದಿ, ಪುಡಿ ಹಾಕಿ ತಿಕ್ಕಿದ ರೂಪಾಯಿಯನ್ನು ಲೂಪಿನಲ್ಲಿ ನೋಡಿದರೆ ರಾಣಿಯ ಕೆನ್ನೆಯ ಮೇಲೆ ಒಂದೇ ದಿಕ್ಕಿಗೆ ಓಡುವ ನೂರಾರು ಗೀರುಗಳು ಕಾಣುತ್ತವೆ. ಅವನ್ನು ಅಳಿಸುವ ಸಾಧನ ಯಾವುದೂ ಇಲ್ಲ. ಈ ದೀಪಾವಳಿಗೆ ನಾಣ್ಯಗಳನ್ನು ತೊಳೆಯದೆ ಹಾಗೆಯೇ ತಟ್ಟೆಯಲ್ಲಿಡಿ, ಕುಂಕುಮವನ್ನು ಪಕ್ಕಕ್ಕೆ ಏರಿಸಿ. ಪೂಜೆ ಮುಗಿದ ಮೇಲೆ ಮಕ್ಕಳನ್ನು ಕರೆದು, ದೀಪವನ್ನು ಒಂದು ಬದಿಗಿಟ್ಟು, ಹತ್ತು ಪಟ್ಟಿನ ಗಾಜನ್ನು ಅವರ ಕೈಗೆ ಕೊಡಿ.